ಕಾಗದದ ಮೇಲೆ ಓಡುವ ರೈಲುಗಳು

ನಿಮ್ಮ ಮೆಚ್ಚಿನ ಲೇಖಕರು ಯಾರು ಅಂತ ಯಾರಾದರೂ ಕೇಳಿದರೆ ಕಾರಂತ, ಭೈರಪ್ಪ, ತೇಜಸ್ವಿ ಅಂತ ಹೇಳಿ ಪಾರಾಗಬಹುದು. ನನ್ನ ಪಟ್ಟಿಯಲ್ಲಿ ಇವರ ಜತೆಗೆ ನೀವು ಬಹುಶಃ ಹೆಸರೇ ಕೇಳಿರದ ಮೂರು ಜನ ಇದ್ದಾರೆ. ಮೂವರೂ ಅಮೆರಿಕದವರು, ಬರೆದದ್ದು ಮಾಡೆಲ್ ರೈಲುಗಳ ಬಗ್ಗೆ.

ಮಾಡೆಲ್ ರೈಲು ಅಂದರೆ ಕೀಲಿ ಕೊಟ್ಟು ಬಿಡೋ ಆಟಿಕೆ ಅಲ್ಲ. ನಿಜವಾದ ರೈಲನ್ನು ಅಳತೆ ತಪ್ಪದೆ, ಹೆಚ್ಚಾಗಿ 87ರಲ್ಲಿ ಒಂದು ಪಾಲಿಗೆ ಇಳಿಸಿ, ಹಳಿ, ಸಿಗ್ನಲ್, ಸ್ಟೇಷನ್, ಗುಡ್ಡ ಎಲ್ಲ ಕಟ್ಟಿ, ವೇಳಾಪಟ್ಟಿ ಹಾಕಿಕೊಂಡು ಓಡಿಸೋದು. ಮುಂಬೈನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇದನ್ನೆಲ್ಲ ಎಲ್ಲಿ ಕಟ್ತೀರಿ? ನಾನು ಕಟ್ಟಿಲ್ಲ, ಓದಿದ್ದೇನೆ ಅಷ್ಟೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ 'ಮಾಡೆಲ್ ರೈಲ್‌ರೋಡರ್' ಸಂಚಿಕೆಗಳಿಂದ ಹತ್ತಿದ ಚಟ ಇದು. 1934ರ ಜನವರಿಯಲ್ಲಿ ಮಿಲ್ವಾಕಿ ಊರಿನಲ್ಲಿ ಅಲ್ ಕಾಲ್ಂಬ್ಯಾಕ್ ಶುರು ಮಾಡಿದ ಪತ್ರಿಕೆ ಅದು.

ಮೊದಲನೆಯವರು ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್. 1944ರಲ್ಲಿ ಆ ಪತ್ರಿಕೆಯಲ್ಲಿ ಅವರ ಲೇಖನಮಾಲೆ ಬಂತು. ನಾಟಕ ಬಲ್ಲ ಮನುಷ್ಯ. ಹಳಿಗಳೇ ರಂಗ, ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ ಅಂತ ವಿವರಿಸಿದರು. ಸುಮ್ಮನೆ ಸುತ್ತು ಹೊಡೆಯೋ ಗಾಡಿಗೆ ಹೋಗಲು ಒಂದು ಊರು, ಮಾಡಲು ಒಂದು ಕೆಲಸ ಕೊಟ್ಟರು ನೋಡಿ!

ಎರಡನೆಯವರು ಜಾನ್ ಆರ್ಮ್‌ಸ್ಟ್ರಾಂಗ್. ನೌಕಾಪಡೆಯ ಇಲಾಖೆಯಲ್ಲಿ ಎಂಜಿನಿಯರ್. 1963ರಲ್ಲಿ ಹಳಿಗಳ ವಿನ್ಯಾಸದ ಬಗ್ಗೆ ಅವರು ಬರೆದ ಪುಸ್ತಕ ಇವತ್ತಿಗೂ ಈ ಹವ್ಯಾಸಿಗಳಿಗೆ ಪಾಠಪುಸ್ತಕದ ಹಾಗೆ. ಮೊದಲು ಎರಡು ಪಟ್ಟಿ ಮಾಡಿ ಅಂತಾರೆ: ಬದಲಾಯಿಸಲು ಆಗದೇ ಇರೋದು, ಮನಸ್ಸಿಗೆ ಬೇಕಾದದ್ದು. ಆಮೇಲೆ ಕೋಣೆಯನ್ನು ಚೌಕಗಳಾಗಿ ಭಾಗ ಮಾಡಿ. ಚೌಕದ ಅಳತೆ ನಿಮ್ಮ ಹಳಿ ಎಷ್ಟು ಬಿಗಿಯಾಗಿ ತಿರುಗಬಲ್ಲದು ಅನ್ನೋದರ ಮೇಲೆ ನಿಂತಿದೆ. ಎಷ್ಟು ಚೌಕ ಹಿಡಿಸುತ್ತೋ ಅಷ್ಟೇ ನಿಮ್ಮ ರೈಲ್ವೆ. ಸಾಲದ ಅರ್ಜಿಗಳನ್ನು ನೋಡಿ ನೋಡಿ ಕಣ್ಣು ಸವೆಸಿಕೊಂಡ ನನ್ನಂಥವನಿಗೆ ಇದು ತಕ್ಷಣ ಅರ್ಥವಾಯಿತು! ಅವರ ಲೆಕ್ಕ ಹಿಡಿದು ಗ್ರಾಫ್ ಹಾಳೆಯಲ್ಲಿ ಮೀಟರ್ ಗೇಜ್ ಕಾಲದ ಅರಸೀಕೆರೆ ಜಂಕ್ಷನ್ ಬರೆದಿದ್ದೇನೆ. ಹುಬ್ಬಳ್ಳಿ ಲೈನು ಒಂದು ಕಡೆ, ಹಾಸನದ ಮೇಲೆ ಮೈಸೂರಿಗೆ ಹೋಗೋ ಲೈನು ಇನ್ನೊಂದು ಕಡೆ. ನಮ್ಮ ಹಾಲ್‌ನಲ್ಲಿ ಹಿಡಿಸುತ್ತೆ, ಸೋಫಾ ಮತ್ತು ಮನೆಯವರು ಹೊರಗಿದ್ದರೆ.

ಮೂರನೆಯವರು ಲಿನ್ ವೆಸ್ಟ್‌ಕಾಟ್. 1961ರಿಂದ 1977ರವರೆಗೆ 'ಮಾಡೆಲ್ ರೈಲ್‌ರೋಡರ್' ಸಂಪಾದಕರು. ಹಳಿ ಹೊರುವ ಮರದ ಚೌಕಟ್ಟಿಗೆ ಹೊಸ ವಿಧಾನ ಕಂಡುಹಿಡಿದವರು. ಸ್ಕ್ರೂಗಳನ್ನು ಕೆಳಗಿನಿಂದ ಹಾಕಿದರೆ ಮೇಲೆ ಹಳಿ, ಗುಡ್ಡ ಎಲ್ಲ ಮುಗಿದ ಮೇಲೂ ಅಡ್ಡಪಟ್ಟಿ ಸರಿಸಬಹುದು. ನಾಳೆ ಮನಸ್ಸು ಬದಲಾದರೆ ಅಂತ ಇವತ್ತೇ ಯೋಚಿಸಿದ ವಿಧಾನ.

ಆದರೆ ನನಗೆ ಅವರು ದೊಡ್ಡವರಾಗಿ ಕಾಣೋದು ಬೇರೆ ಕಾರಣಕ್ಕೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಆಲೆನ್ ಅನ್ನೋ ಫೋಟೋಗ್ರಾಫರ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಅದ್ಭುತವಾದ ಮಾಡೆಲ್ ರೈಲ್ವೆ ಕಟ್ಟಿದ್ದರು. ಬೋಗಿ ತಳ್ಳಲು ಎಂಜಿನ್ ಬದಲು ಒಂದು ಡೈನೋಸಾರ್ ಇಟ್ಟಿದ್ದ ತಮಾಷೆಯ ಮನುಷ್ಯ! 1973ರ ಜನವರಿಯಲ್ಲಿ ಆಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ರೈಲ್ವೆಯೂ ಹೋಯಿತು. ವರ್ಷಗಟ್ಟಲೆ ಕಟ್ಟಿದ್ದು ಬೂದಿ.

ವೆಸ್ಟ್‌ಕಾಟ್ ಅದನ್ನು ಕಾಗದದ ಮೇಲೆ ಮತ್ತೆ ಕಟ್ಟಲು ಕೂತರು. ಫೋಟೋ, ನಕ್ಷೆ, ವಿವರ ಎಲ್ಲ ಸೇರಿಸಿ ಪುಸ್ತಕ ಮಾಡಿದರು. ಅದು ಹೊರಬಂದದ್ದು 1981ರಲ್ಲಿ. ವೆಸ್ಟ್‌ಕಾಟ್ 1980ರಲ್ಲೇ ತೀರಿಕೊಂಡಿದ್ದರು. ತನ್ನದಲ್ಲದ ರೈಲ್ವೆಗಾಗಿ ದುಡಿದು, ಅಚ್ಚಾದ ಪುಸ್ತಕವನ್ನೂ ಕಾಣದೆ ಹೋದ ಸಂಪಾದಕ.

ಲೇಖಕರನ್ನು ನೆನೆಯೋರು ಬಹಳ ಜನ, ಸಂಪಾದಕರನ್ನು ನೆನೆಯೋರು ಕಡಿಮೆ. ಕಟ್ಟುವವನ ಕೈಗೆ ಮರ, ತಂತಿ, ಜಾಗ ಬೇಕು. ಉಳಿಸುವವನ ಕೈಗೆ ಬೇಕಾದದ್ದು ತಾಳ್ಮೆ. ಬೆಂಕಿಗೆ ಹೋದ ರೈಲ್ವೆ ಮುಂಬೈನ ಒಬ್ಬ ಬ್ಯಾಂಕಿನವನ ಕಪಾಟಿಗೆ ಬಂದದ್ದು ಆ ತಾಳ್ಮೆಯಿಂದ. 2024ರಲ್ಲಿ ಪತ್ರಿಕೆಯ ಒಡೆತನ ಕಾಲ್ಂಬ್ಯಾಕ್ ಸಂಸ್ಥೆಯ ಕೈಬಿಟ್ಟು ಬೇರೆಯವರಿಗೆ ಹೋಯಿತು. ಒಡೆಯರು ಬದಲಾಗ್ತಾರೆ, ಹಳೇ ಸಂಚಿಕೆಗಳು ಹಾಗೇ ಇರ್ತವೆ.

ನಿಮ್ಮ ಊರಿನ ಹಳೇ ಸ್ಟೇಷನ್ನಿನ ಫೋಟೋ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಹಿಂದೆ ಊರು, ವರ್ಷ ಬರೆದಿಡಿ. ಯಾವನೋ ಒಬ್ಬ ಗ್ರಾಫ್ ಹಾಳೆ ಹಿಡಿದು ಕಾಯ್ತಾ ಇರ್ತಾನೆ!