ಅಪ್ಪ ಕಟ್ಟಿದ ಸಮುದ್ರ

ನಮ್ಮ ಮನೆಯ ಚಾವಡಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಒಳಗಿರುವುದು ಉಪ್ಪುನೀರು. ಬಂದವರು ಮೊದಲು ಮೀನು ನೋಡುತ್ತಾರೆ, ಆಮೇಲೆ "ಈ ಕಲ್ಲು ಎಲ್ಲಿಂದ ತಂದಿರಿ?" ಎಂದು ಕೇಳುತ್ತಾರೆ. ಮೂಲೆಯ ಕುರ್ಚಿಯಲ್ಲಿರುವ ಅಪ್ಪ ಆ ಪ್ರಶ್ನೆಗೇ ಕಾದಿರುತ್ತಾರೆ. ಅವರು ಹೇಳದೆ ಬಿಡುವ ಭಾಗವನ್ನು ನಾವಿಲ್ಲಿ ಬರೆಯುತ್ತಿದ್ದೇವೆ.

ಬಹರೈನಿನಲ್ಲಿ ಹನ್ನೊಂದು ವರ್ಷ ದುಡಿದು 2018ರಲ್ಲಿ ನಾವಿಬ್ಬರೂ ಮಕ್ಕಳೊಂದಿಗೆ ಕಾಸರಗೋಡಿಗೆ ಮರಳಿದೆವು. ಅಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಇಂಥ ತೊಟ್ಟಿ ನೋಡಿ ಆಸೆಪಟ್ಟಿದ್ದೆವು. ಊರಲ್ಲಿ ಅಪ್ಪ ಕೆಂಪುಕಲ್ಲಿನ ಮೇಸ್ತ್ರಿಯಾಗಿದ್ದವರು. ಮೊಣಕಾಲು ನೋವಿನಿಂದ ಕೆಲಸ ಬಿಟ್ಟ ಮೇಲೆ ಮಾತನ್ನೂ ಬಿಟ್ಟಂತೆ ಕುಳಿತಿದ್ದರು. "ಕಲ್ಲು ನೀವೇ ಇಡಿ ಅಪ್ಪಾ" ಎಂದಾಗ ಎದ್ದು ಬಂದರು.

ಒಂದು ಅಂಗಡಿಯಿಂದ 'ಸಮುದ್ರದ ಕಲ್ಲು' ಎಂದು 30 ಕಿಲೋ ತಂದೆವು. ಒಂದು ಗ್ಯಾಲನ್ ನೀರಿಗೆ ಒಂದು ಪೌಂಡು ಕಲ್ಲು ಎಂಬುದು ಹಳೆಯ ಲೆಕ್ಕ. ನಮ್ಮದು ಸುಮಾರು 240 ಲೀಟರಿನ ತೊಟ್ಟಿ. ಅಪ್ಪ ಹಿಂಬದಿಯ ಗಾಜಿಗೆ ಒರಗಿಸಿ, ಸಂದು ಬಿಡದೆ, ಮೇಲಿನವರೆಗೆ ಗೋಡೆ ಎಬ್ಬಿಸಿದರು. ಅದೂ ಮರಳಿನ ಮೇಲೆ! ಇಗರ್ಜಿಯಲ್ಲಿ ಆ ಸಾಮತಿಯನ್ನು ಎಷ್ಟು ಸಲ ಕೇಳಿದ್ದರೂ ನಮಗಾರಿಗೂ ಹೊಳೆಯಲಿಲ್ಲ.

ಇಂಥ ತೊಟ್ಟಿಯಲ್ಲಿ ನೀರನ್ನು ಶುದ್ಧವಾಗಿಡುವ ಹೆಚ್ಚಿನ ಕೆಲಸ ಕಲ್ಲಿನದು. ಅದರ ಸಣ್ಣ ತೂತುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುತ್ತವೆ. ಅದಕ್ಕೆ ಕಲ್ಲಿನ ಸುತ್ತ ನೀರು ಹರಿಯಬೇಕು. ನಮ್ಮ ಗೋಡೆಯ ಹಿಂದೆ ನೀರು ಸತ್ತಂತೆ ನಿಂತು ಕೊಳೆ ಕೂತಿತು. ಕೈ ಹಾಕಿ ತೆಗೆಯಲು ಜಾಗವೂ ಇರಲಿಲ್ಲ.

2019ರ ಜೂನಿನ ಒಂದು ರಾತ್ರಿ ಸದ್ದಾಯಿತು. ಮರಳು ತೋಡುವ ಗೋಬಿ ಮೀನು ಬುಡದ ಕಲ್ಲಿನಡಿ ಬಿಲ ಮಾಡಿತ್ತು. ಪುಣ್ಯಕ್ಕೆ ಗಾಜು ಉಳಿಯಿತು. ಮಕ್ಕಳ ಎರಡು ಕ್ಲೌನ್ ಮೀನುಗಳಲ್ಲಿ ಒಂದು ಕಲ್ಲಿನಡಿ ಸಿಕ್ಕಿ ಸತ್ತಿತು. ಅಪ್ಪ ಏನೂ ಅನ್ನಲಿಲ್ಲ. ಮರುದಿನ ಗಂಜಿಗೂ ಏಳಲಿಲ್ಲ.

ಒಡೆದ ಚೂರೊಂದನ್ನು ಮಗಳು ತೊಳೆದು ಇಟ್ಟುಕೊಂಡಿದ್ದಳು. ಅದರ ತುಂಬ ನಕ್ಷತ್ರದಂಥ ಪುಟ್ಟ ಗುಳಿಗಳು. ಸಮುದ್ರಜೀವಶಾಸ್ತ್ರ ಓದಿದ ನಮ್ಮ ಚಿಕ್ಕಮ್ಮನ ಮಗ ನೋಡಿ, "ಇದು ಹವಳ. ಒಂದೊಂದು ಗುಳಿಯಲ್ಲೂ ಒಂದೊಂದು ಜೀವವಿತ್ತು" ಎಂದ. ಗಟ್ಟಿ ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಿದ್ದಾರೆ. ಸತ್ತ ಹವಳವನ್ನೂ ಮಾರುವಂತಿಲ್ಲ. ಅಂಗಡಿಗೆ ಮರಳಿಸಿದರೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಎರಡು ದಿನ ಯೋಚಿಸಿ, ಗೋಣಿಯಲ್ಲಿ ತುಂಬಿ ಅರಣ್ಯ ಇಲಾಖೆಯ ಕಚೇರಿಗೆ ಒಯ್ದೆವು. ಹೆದರಿಕೆ ಇತ್ತು. ಅವರು ಬರೆದುಕೊಂಡು ಕಲ್ಲು ಇಟ್ಟುಕೊಂಡರು, ಅಷ್ಟೆ.

ತೊಟ್ಟಿ ಖಾಲಿಯಾಯಿತು, ಗೋಬಿಯೂ ಉಳಿದ ಕ್ಲೌನ್ ಮೀನೂ ಡ್ರಮ್ಮಿಗೆ ಹೋದವು. "ಕಲ್ಲು ಎರಕ ಹೊಯ್ಯಬಹುದಲ್ಲ?" ಎಂದು ಕೇಳಿದ್ದು ಅಪ್ಪನೇ.

ನಾವು ತಿಂದು ಬಿಸಾಡಿದ ಮರುವಾಯಿ ಚಿಪ್ಪನ್ನು ಅವರು ಜಜ್ಜಿದರು. ನಾಲ್ಕು ಪಾಲು ಚಿಪ್ಪಿಗೆ ಒಂದು ಪಾಲು ಬಿಳಿ ಸಿಮೆಂಟು, ಜತೆಗೆ ಹರಳುಪ್ಪು. ಉಪ್ಪು ನೀರಿಗೆ ಕರಗಿ ಹೋದ ಕಡೆ ತೂತು ಉಳಿಯುತ್ತದೆ. ಹಸಿ ಮರಳಿನಲ್ಲಿ ಗುಂಡಿ ತೋಡಿ ಅದರಲ್ಲೇ ಎರಕ. ಹೊಸ ಸಿಮೆಂಟು ನೀರನ್ನು ವಿಪರೀತ ಕ್ಷಾರ ಮಾಡುತ್ತದೆ. ಹಾಗಾಗಿ ಸಿಹಿನೀರಲ್ಲಿ ಮುಳುಗಿಸಿ, ನೀರು ಬದಲಿಸುತ್ತ ಕಾಯಬೇಕು. 2020ರ ಲಾಕ್‌ಡೌನ್ ಬಂತು, ಕಾಯುವುದೊಂದೇ ಎಲ್ಲರ ಕೆಲಸವಾಯಿತು.

ಜೋಡಿಸುವ ಮೊದಲು ಚಾವಡಿಯ ನೆಲದಲ್ಲಿ ಸೀಮೆಸುಣ್ಣದಿಂದ ತೊಟ್ಟಿಯ ಅಳತೆ ಬರೆದೆವು: 120 ಸೆಂಟಿಮೀಟರ್ ಉದ್ದ, 45 ಅಗಲ. ವಾರವಿಡೀ ಅದರೊಳಗೆ ಕಲ್ಲು ಇಟ್ಟು ತೆಗೆದದ್ದೇ. ಅಪ್ಪನಿಗೆ ಎಲ್ಲವೂ ನೂಲು ಹಿಡಿದಂತೆ ಇರಬೇಕು. "ಎರಡೂ ಕಡೆ ಸಮ ಇಲ್ಲದಿದ್ದರೆ ಜನ ನಗುತ್ತಾರೆ" ಎನ್ನುತ್ತಿದ್ದರು. ನಾವು ಒಂದು ಗುಡ್ಡೆ ದೊಡ್ಡದು, ಒಂದು ಚಿಕ್ಕದು, ನಡುವೆ ಮರಳಿನ ಓಣಿ, ಅದೂ ಸರಿಮಧ್ಯದಲ್ಲಿ ಬೇಡ ಎಂದೆವು. ಜಗಳವೇ ಆಯಿತು. ಕೊನೆಗೆ ಮಗಳು "ಅಜ್ಜಾ, ಗುಡ್ಡ ಎಲ್ಲಾದರೂ ಸಮ ಇರುತ್ತದಾ?" ಎಂದಾಗ ನಕ್ಕುಬಿಟ್ಟರು.

ಆದರೆ ಭದ್ರತೆಯ ವಿಷಯದಲ್ಲಿ ಅವರದೇ ಮಾತು. ಬುಡದ ಕಲ್ಲಿಗೆ ಮೂರು ಕಾಲು, ಅದು ತೊಟ್ಟಿಯ ತಳದಲ್ಲೇ ಕೂರಬೇಕು, ಮರಳು ಆಮೇಲೆ. ಕಲ್ಲಿಗೆ ತೂತು ಕೊರೆದು ಅಕ್ರಿಲಿಕ್ ಕಡ್ಡಿ ತೂರಿಸಿ, ಸಿಮೆಂಟು ಹಾಕಿ ಬಿಗಿದರು. ಗಾಜಿಗೂ ಕಲ್ಲಿಗೂ ನಡುವೆ ಅಂಗೈ ಆಡುವಷ್ಟು ಸಂದು. ಮೇಲಿನ ಮೂರನೇ ಒಂದು ಪಾಲು ನೀರು ಖಾಲಿ. ಒಟ್ಟು ಕಲ್ಲು 18 ಕಿಲೋ ಸಾಕಾಯಿತು. ಹೊಸ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ನೆಲೆಸಲು ಮತ್ತೆ ವಾರಗಟ್ಟಲೆ ಬಿಟ್ಟು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ಬಿಟ್ಟೆವು.

ಈಗ ಆ ಕಲ್ಲುಗಳ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹಬ್ಬಿದೆ; ಸಿಮೆಂಟು ಎಂದರೆ ಯಾರೂ ನಂಬುವುದಿಲ್ಲ. ಗೋಬಿ ಇನ್ನೂ ತೋಡುತ್ತಲೇ ಇದೆ, ಕಲ್ಲು ಅಲುಗಿಲ್ಲ. ಉಳಿದ ಕ್ಲೌನ್ ಮೀನಿಗೆಂದೇ ಅಪ್ಪ ಚಿಕ್ಕ ಗುಡ್ಡೆಯಲ್ಲಿ ಒಂದು ಕಮಾನು ಮಾಡಿಕೊಟ್ಟಿದ್ದಾರೆ. ಅದು ಮಾತ್ರ ರಾತ್ರಿ ಪಂಪಿನ ಪಕ್ಕದಲ್ಲೇ ಮಲಗುತ್ತದೆ. ಅಪ್ಪನಿಗೆ ಅದರ ಮೇಲೆ ಇನ್ನೂ ಸಿಟ್ಟು.