ಹಂಪೆಯಲ್ಲಿ ಒಂದು ವಿವಾಹದಿನ

ನಮ್ಮ ಗೃಹಸ್ಥರ ಮನೆಗಳಲ್ಲಿ ಮಕ್ಕಳ ಹುಟ್ಟಿದ ದಿನಕ್ಕೆ ಸಲ್ಲುವ ಗೌರವವು ತಂದೆತಾಯಿಗಳ ಮದುವೆಯ ದಿನಕ್ಕೆ ಸಲ್ಲುವುದು ಅಪರೂಪ. ಆ ದಿನ ಯಾವುದೆಂಬುದರಲ್ಲಿಯೇ ಮನೆಯವರಿಗೆ ಒಮ್ಮತವಿಲ್ಲದಿರುವುದು ಇದಕ್ಕೊಂದು ಕಾರಣವಾಗಿರಬಹುದು. ಹಿರಿಯರು ತಿಥಿಯನ್ನು ಹಿಡಿಯುವರು. ಕಿರಿಯರು ತಾರೀಖನ್ನು ಹಿಡಿಯುವರು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳಾದರೆ, ಸೌರವರ್ಷಕ್ಕೆ 365 ದಿನಗಳು. ವರ್ಷವರ್ಷವೂ ಹೀಗೆ ಹಿಂದೆ ಬೀಳುವ ತಿಥಿಯನ್ನು ಅಧಿಕಮಾಸವು ಬಂದು ಮುಂದಕ್ಕೆ ತಳ್ಳುತ್ತದೆ. 19 ಸೌರವರ್ಷಗಳಲ್ಲಿ 235 ಚಾಂದ್ರಮಾಸಗಳು ಹೆಚ್ಚುಕಡಮೆ ಸರಿಯಾಗಿ ಮುಗಿಯುವುದರಿಂದ, ಹತ್ತೊಂಬತ್ತನೆಯ ವರ್ಷದಲ್ಲಿ ತಿಥಿಯೂ ತಾರೀಖೂ ಒಂದೇ ದಿನದಲ್ಲಿ, ತಪ್ಪಿದರೆ ಒಂದು ದಿನದ ಅಂತರದಲ್ಲಿ, ಬಂದು ಕೂಡುತ್ತವೆ.

ನಮ್ಮ ಮದುವೆ ನಡೆದುದು 2006ರ ವೈಶಾಖ ಶುದ್ಧದಲ್ಲಿ. 2025ರಲ್ಲಿ ಅತ್ತೆಯವರ ತಿಥಿಯೂ ಮಕ್ಕಳ ತಾರೀಖೂ ಕೂಡಿಬಂದುವು. ಅದೂ ಬೇಸಗೆಯ ರಜದಲ್ಲಿ, ನಾವು ಐವರು ಹಂಪೆಗೆ ಹೋಗಿದ್ದ ಸಮಯದಲ್ಲಿ. ಪ್ರವಾಸವು ಮಕ್ಕಳ ಹಟದಿಂದ ಗೊತ್ತಾದುದು. ಆದರೆ ಅತ್ತೆಯವರನ್ನು ಹೊರಡಿಸುವುದೇ ಕಷ್ಟವಾಯಿತು. ಮಾವನವರು ತೀರಿಕೊಂಡು ಆರು ವರ್ಷಗಳಾಗಿದ್ದುವು. ಅಂದಿನಿಂದ ಅವರು ಯಾವ ಮಂಗಳಕಾರ್ಯದಲ್ಲಿಯೂ ಮುಂದೆ ನಿಂತವರಲ್ಲ. ಆರತಿಯ ಹೊತ್ತಿಗೆ ಅಡಿಗೆಯ ಮನೆಯಲ್ಲಿ ಏನಾದರೊಂದು ಕೆಲಸವನ್ನು ಕಲ್ಪಿಸಿಕೊಳ್ಳುವರು. ಯಾರೂ ಅವರಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಬೇಡವೆಂದು ಹೇಳಿದರೂ ಅವರು ಕೇಳುತ್ತಿರಲಿಲ್ಲ.

ರಾತ್ರಿಯ ರೈಲಿನಲ್ಲಿ ಹೊರಟು ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದೆವು. ಈ ಊರು 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರವಾಗಿದೆ. ಇಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರುಗಳು. ವೈಶಾಖದ ಬಿಸಿಲಿನಲ್ಲಿ ಆ ಬಂಡೆಗಳ ನಾಡನ್ನು ನೋಡುವುದಾದರೆ ಮುಂಜಾನೆ, ಇಲ್ಲವೆ ಸಾಯಂಕಾಲ. ಆದುದರಿಂದ ಮಧ್ಯಾಹ್ನವನ್ನು ವಸತಿಯಲ್ಲಿಯೇ ಕಳೆದು, ಸಂಜೆಗೆ ಹೇಮಕೂಟವನ್ನು ಹತ್ತಿದೆವು. ಹತ್ತುವುದು ಕಷ್ಟವಲ್ಲ; ಅಗಲವಾದ ಬಂಡೆಯ ಇಳಿಜಾರು. ಅತ್ತೆಯವರು ಮೊಮ್ಮಗಳ ಭುಜವನ್ನು ಹಿಡಿದು, ಎರಡು ಕಡೆ ಕುಳಿತು, ಮೇಲೆ ಬಂದರು. ಕೆಳಗೆ ವಿರೂಪಾಕ್ಷನ ಗೋಪುರ, ಅದರಾಚೆ ತುಂಗಭದ್ರೆ, ಹೊಳೆಯಾಚೆಗೂ ಬಂಡೆಗಳ ರಾಶಿ.

ಆ ಬೆಟ್ಟದ ಕಥೆಯನ್ನು ಮಕ್ಕಳಿಗೆ ಹೇಳಿದವರು ಅತ್ತೆಯವರೇ. ಪಂಪಾದೇವಿಯು ಶಿವನನ್ನು ಬಯಸಿ ಇಲ್ಲಿ ತಪಸ್ಸು ಮಾಡಿದಳು. ಶಿವನ ಧ್ಯಾನವನ್ನು ಕೆಡಿಸಲು ಬಂದ ಮನ್ಮಥನು ಬೂದಿಯಾದನು. ಕೊನೆಗೆ ಶಿವನು ಪಂಪೆಗೆ ಒಲಿದನು. ಆ ಮಂಗಳ ಸಮಯದಲ್ಲಿ ದೇವತೆಗಳು ಹೊನ್ನಿನ ಮಳೆ ಸುರಿಸಿದುದರಿಂದ ಬೆಟ್ಟಕ್ಕೆ ಹೇಮಕೂಟವೆಂದು ಹೆಸರಾಯಿತು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಂಪೆಯು ನಮ್ಮ ನುಡಿಯಲ್ಲಿ ಹಂಪೆಯಾಯಿತು. ಊರಿಗೆ ಮದುವಣಗಿತ್ತಿಯ ಹೆಸರೇ ನಿಂತಿದೆಯೆಂದು ತಿಳಿದಾಗ ನಮ್ಮ ಮಗಳಿಗೆ ಬಹಳ ಸಂತೋಷವಾಯಿತು.

ಈ ದಂಪತಿಗಳ ವಿವಾಹದಿನವನ್ನು ಊರವರು ಮರೆತಿಲ್ಲ. ಪ್ರತಿವರ್ಷವೂ ಮಾರ್ಗಶಿರದ ವೇಳೆಗೆ ಫಲಪೂಜೆಯೆಂಬ ಹೆಸರಿನಲ್ಲಿ ನಿಶ್ಚಿತಾರ್ಥವಾಗುತ್ತದೆ. ಚೈತ್ರದಲ್ಲಿ ಕಲ್ಯಾಣೋತ್ಸವವೂ ರಥೋತ್ಸವವೂ ನಡೆಯುತ್ತವೆ. ನಾವು ಹೋಗುವ ವೇಳೆಗೆ ದೇವರ ಮದುವೆ ಮುಗಿದು, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದವಾದ ರಥಬೀದಿಯು ಶಾಂತವಾಗಿತ್ತು.

ಮರುದಿನವೇ ನಮ್ಮ ದಿನ. ಬೆಳಗ್ಗೆ ಐದು ಗಂಟೆಗೆ ಎದ್ದು ಸ್ನಾನಮಾಡಿ ನಾವು ಸಿದ್ಧರಾದಾಗ ಅತ್ತೆಯವರು, “ನೀವಿಬ್ಬರೂ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ನನಗೆ ಮಂಡಿ ನೋವು,” ಎಂದರು. ಹಿಂದಿನ ಸಂಜೆ ಬೆಟ್ಟ ಹತ್ತಿದ ಮಂಡಿಗೆ ಈ ಬೆಳಗ್ಗೆ ಸಮತಟ್ಟಾದ ಬೀದಿಯು ಭಾರವಾಗುವುದೇಕೆಂಬುದು ನಮಗೆಲ್ಲರಿಗೂ ತಿಳಿದಿತ್ತು. ಮಗನು ಮಾತ್ರ, “ಅಜ್ಜಿ, ನೀನಿಲ್ಲದಿದ್ದರೆ ಕಥೆ ಹೇಳುವವರು ಯಾರು?” ಎಂದನು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ವಿರೂಪಾಕ್ಷ ದೇವಾಲಯದ ಪೂರ್ವಗೋಪುರವು ಒಂಬತ್ತು ನೆಲೆಗಳದು. ಎತ್ತರ ಸುಮಾರು 50 ಮೀಟರು. ಒಳಗಿನ ರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸ್ಮಾರಕವಾಗಿ 1510ರಲ್ಲಿ ಕಟ್ಟಿಸಿದನು. ಅದರ ಮಾಳಿಗೆಯ ಒಳಮೈಯ ತುಂಬ ಬಣ್ಣದ ಚಿತ್ರಗಳಿವೆ. ಅವುಗಳಲ್ಲಿ ಮದುವೆಗಳೇ ಎದ್ದುಕಾಣುವುವು: ಗಿರಿಜೆಯ ಕಲ್ಯಾಣ, ಸೀತಾರಾಮರ ಕಲ್ಯಾಣ, ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸಿ ದ್ರೌಪದಿಯನ್ನು ಗೆಲ್ಲುವ ಸಂದರ್ಭ. ಕಬ್ಬಿನ ಬಿಲ್ಲನ್ನು ಹಿಡಿದ ಮನ್ಮಥನೂ ಇದ್ದಾನೆ. ಪಲ್ಲಕ್ಕಿಯಲ್ಲಿ ಹೋಗುತ್ತಿರುವ ವಿದ್ಯಾರಣ್ಯರೂ ಇದ್ದಾರೆ. ಕತ್ತೆತ್ತಿ ನೋಡುತ್ತ ಅತ್ತೆಯವರು ಒಂದೊಂದನ್ನೂ ಗುರುತಿಸಿ ಹೇಳಿದರು. ನಮ್ಮೊಡನೆ ಬೇರೆ ಊರಿನ ನಾಲ್ಕಾರು ಯಾತ್ರಿಕರೂ ನಿಂತು ಕೇಳಿದರು.

ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಅಲ್ಲಿಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾದ ಗೆರೆಯಲ್ಲಿ ಹರಿಯುವುದರಿಂದ, ಗೋಪುರದ ತುದಿಯಿಂದ ಬಂದ ಕಿರಣವು ಕಿರಿದಾದ ಕಿಂಡಿಯನ್ನು ದಾಟಿ ಕೆಳಕ್ಕೂ, ಬುಡದಿಂದ ಬಂದುದು ಮೇಲಕ್ಕೂ ಹೋಗುವುವೆಂದು ಮಗನು ಶಾಲೆಯ ಪಾಠವನ್ನು ಒಪ್ಪಿಸಿದನು. “ಸಣ್ಣ ಕಿಂಡಿಯಲ್ಲಿ ನೋಡಿದರೆ ದೊಡ್ಡದೂ ತಲೆಕೆಳಗೆಯೇ, ಅಲ್ಲವೇನೋ?” ಎಂದು ಅತ್ತೆಯವರು ನಕ್ಕರು.

ಪೂಜೆಯಾಯಿತು. ಅರ್ಚಕರು ಮಂತ್ರಾಕ್ಷತೆಯನ್ನು ನಮ್ಮ ಕೈಗೆ ಕೊಟ್ಟರು. ತಿರುಗಿ ನೋಡುವಷ್ಟರಲ್ಲಿ ಅತ್ತೆಯವರು ಒಂದು ಕಂಬದ ಮರೆಗೆ ಸರಿದಿದ್ದರು. ನಾನು ಅವರ ಬಳಿಗೆ ಹೋಗಿ, “ಅತ್ತೆ, ಮೊದಲು ನೀವು ಹಾಕಬೇಕು,” ಎಂದೆ.

“ಬೇಡಮ್ಮ. ಈ ದಿನ ನನ್ನ ಕೈಯಿಂದ ಬೇಡ. ಇಲ್ಲಿ ಬೇಕಾದಷ್ಟು ಮುತ್ತೈದೆಯರಿದ್ದಾರೆ.”

ನಮ್ಮವರು ಹೆಚ್ಚು ಮಾತನಾಡುವವರಲ್ಲ. ಅವರು ಅಂದು, “ಅಮ್ಮ, ಈ ತಿಥಿಯನ್ನು ಹತ್ತೊಂಬತ್ತು ವರ್ಷ ಮರೆಯದೆ ನೆನಪಿಟ್ಟವಳು ನೀನೊಬ್ಬಳೇ. ನಿನಗಿಂತ ಮುತ್ತೈದೆ ನಮಗೆ ಯಾರು?” ಎಂದು, ಅಲ್ಲಿಯೇ ತಾಯಿಯ ಕಾಲಿಗೆ ಬಗ್ಗಿದರು. ನಾನೂ ಬಗ್ಗಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮಗಳು ಅಜ್ಜಿಯ ಅಂಗೈಯನ್ನು ಬಿಡಿಸಿ ಅಕ್ಷತೆಯನ್ನು ಸುರಿದಿರಬೇಕು. ಬಳಿಕ ನಡುಗುವ ಕೈಯಿಂದ ನಾಲ್ಕು ಕಾಳು ನನ್ನ ನೆತ್ತಿಯ ಮೇಲೆ ಬಿದ್ದುವು. ಅವರು ಏನು ಹರಸಿದರೆಂಬುದು ಕೇಳಿಸಲಿಲ್ಲ.

ಅಪರಾಹ್ನ ನಾಲ್ಕು ಗಂಟೆಗೆ ವಿಠ್ಠಲ ದೇವಾಲಯಕ್ಕೆ ಹೋದೆವು. ನಡೆಯಲಾರದವರಿಗೆ ಗೆಜ್ಜಲ ಮಂಟಪದ ಬಳಿಯಿಂದ ವಿದ್ಯುತ್ತಿನ ಸಣ್ಣ ವಾಹನಗಳ ಅನುಕೂಲವಿದೆ. ಐವತ್ತು ರೂಪಾಯಿಯ ಹೊಸ ನೋಟಿನ ಮೇಲಿರುವ ಕಲ್ಲಿನ ರಥವನ್ನು ಮಕ್ಕಳು ನೋಟನ್ನು ಹಿಡಿದು ಹೋಲಿಸಿ ನೋಡಿದರು. ಆ ಪ್ರಾಕಾರದಲ್ಲಿ ಒಂದು ಕಲ್ಯಾಣಮಂಟಪವಿದೆ. ಅದರ ಕಂಬಗಳ ಕೆತ್ತನೆಯನ್ನು ಎಷ್ಟು ನೋಡಿದರೂ ತೃಪ್ತಿಯಿಲ್ಲ. ಆದರೆ 1565ರ ರಕ್ಕಸತಂಗಡಿಯ ಯುದ್ಧದ ಬಳಿಕ ರಾಜಧಾನಿಯು ಹಾಳಾಯಿತು. ಇಂದು ವಿಠ್ಠಲನ ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ. ಮಂಟಪದಲ್ಲಿ ಕಲ್ಯಾಣವೂ ಇಲ್ಲ. ವಿರೂಪಾಕ್ಷನಲ್ಲಿಯಾದರೋ ಪೂಜೆ ನಡೆದುಬಂದಿದೆ.

“ಮಂಟಪ ಎಷ್ಟು ಚೆಲುವಾಗಿದ್ದರೇನು, ಮದುವೆ ಮಾಡುವವರು ಇರಬೇಕಷ್ಟೆ,” ಎಂದರು ಅತ್ತೆಯವರು.

“ಅಜ್ಜಿ, ನಿನ್ನ ಮದುವೆ ಯಾವತ್ತು?” ಎಂದು ಮಗಳು ಕೇಳಿದಳು.

ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದ ನನಗೂ ಅದು ಗೊತ್ತಿರಲಿಲ್ಲ; ಅವರ ಮಗನಿಗೂ ಗೊತ್ತಿರಲಿಲ್ಲ. “ಜ್ಯೇಷ್ಠ ಬಹುಳ ಪಂಚಮಿ,” ಎಂದು ಅವರು ತಡೆಯದೆ ಹೇಳಿದರು. ಆ ದಿನ ಮಳೆ ಬಂದು ಚಪ್ಪರವು ಸೋರಿದುದು, ಧಾರೆಯ ಹೊತ್ತಿಗೆ ಪುರೋಹಿತರ ತಲೆಯ ಮೇಲೆ ಯಾರೋ ಕೊಡೆ ಹಿಡಿದುದು, ಮಾವನವರಿಗೆ ನಗು ತಡೆಯಲಾಗದೆ ಹಿರಿಯರಿಂದ ಬೈಗಳಾದುದು, ಎಲ್ಲವನ್ನೂ ಆ ಕಲ್ಲಿನ ಜಗಲಿಯ ಮೇಲೆ ಕುಳಿತು ಹೇಳಿದರು. ಮಾವನವರ ಮಾತನ್ನು ಕಣ್ಣೀರಿಲ್ಲದೆ ಅವರು ಎತ್ತಿದುದು ಆರು ವರ್ಷಗಳಲ್ಲಿ ಅದೇ ಮೊದಲು. ಕಾವಲುಗಾರನು ಹೊತ್ತಾಯಿತೆಂದು ಎಚ್ಚರಿಸುವವರೆಗೆ ನಾವು ಅಲ್ಲಿಂದ ಏಳಲಿಲ್ಲ.

ವೃದ್ಧರೊಡನೆ ಹಂಪೆಗೆ ಹೋಗುವ ವಾಚಕರಿಗೆ ಎರಡು ಮಾತು. ಹತ್ತು ಗಂಟೆಯ ಮೇಲೆ ಗುಡಿಯ ಅಂಗಳದ ಕಲ್ಲು ಬರಿಗಾಲನ್ನು ಸುಡುತ್ತದೆ. ಆದುದರಿಂದ ದರ್ಶನವನ್ನು ಮುಂಜಾನೆಯೇ ಮುಗಿಸಿಕೊಳ್ಳಬೇಕು. ಕುಡಿಯುವ ನೀರನ್ನು ಧಾರಾಳವಾಗಿ ಒಯ್ಯಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆತುರ ಬೇಡ. ಪ್ರವಾಸದ ನಡುವೆ ಮನೆಯಲ್ಲಿ ಯಾರದಾದರೂ ವಿವಾಹದಿನ ಬಂದರೆ, ಹಿರಿಯರನ್ನು ವಸತಿಯಲ್ಲಿ ಬಿಟ್ಟು ಹೋಗದಿರುವುದು ಒಳ್ಳೆಯದು. ದಂಪತಿಗಳಿಬ್ಬರು ನೆನೆಯುವ ದಿನವು ಅವರೊಡನೆ ಮುಗಿಯುತ್ತದೆ. ಮನೆಯವರೆಲ್ಲ ನೆನೆಯುವ ದಿನವು ಉಳಿಯುತ್ತದೆ. ನಮ್ಮ ಮನೆಯ ಪಂಚಾಂಗದಲ್ಲಿ ಈಗ ಜ್ಯೇಷ್ಠ ಬಹುಳ ಪಂಚಮಿಯ ಮುಂದೆ ಮಗಳ ಕೈಬರಹದ ಒಂದು ಗುರುತಿದೆ.