ಒಂಟಿ ಬಾಳಿಗೊಂದು ಸ್ವಂತ ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇವೆರಡೂ ಮನೆತನದ ಹಿರಿಯರು ಕೂಡಿ ಹೊರುವ ಭಾರಗಳೆಂಬುದು ಹಿಂದಿನವರ ತಿಳಿವಳಿಕೆ. ಇಂದು ಅವಿವಾಹಿತ ತರುಣ ತರುಣಿಯರು ಮೊದಲನೆಯ ಭಾರವನ್ನು ತಾವೊಬ್ಬರೇ ಹೊರಲು ಮುಂದಾಗುತ್ತಿದ್ದಾರೆ.

ನಮ್ಮ ತಮ್ಮನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರ್, ವಯಸ್ಸು 29. ಅರವತ್ತು ಲಕ್ಷ ರೂಪಾಯಿಯ ಫ್ಲ್ಯಾಟೊಂದನ್ನು ನೋಡಿದ್ದಳು. ‘ಮೊದಲು ಮದುವೆ, ಆಮೇಲೆ ಮನೆ’ ಎಂಬುದು ತಂದೆಯ ಹಟ. ‘ದೊಡ್ಡಪ್ಪಾ, ನೀವೇನಂತೀರಿ?’ ಎಂದು ಅವಳು ನಮ್ಮನ್ನು ಕೇಳಿದಳು.

ಮಠದ ಪ್ರಸಾದ ನಿಲಯದಲ್ಲಿ ಒಂದು ಟ್ರಂಕು, ಒಂದು ಚಾಪೆಯೊಡನೆ ಬೆಳೆದವರು ನಾವು. ಸ್ವಂತದ್ದಲ್ಲದ ಸೂರಿನಡಿಯಲ್ಲಿಯೂ ನೆಮ್ಮದಿಯುಂಟೆಂಬುದನ್ನು ಬಲ್ಲೆವು. ಆದರೆ ಆ ಸೂರಿನಡಿ ನಮ್ಮನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇವಳಾದರೋ ಆರು ವರ್ಷಗಳಲ್ಲಿ ಮೂರು ಬಾಡಿಗೆ ಮನೆ ಬದಲಿಸಿದ್ದಾಳೆ. ‘ಮದುವೆ ಯಾವಾಗ? ಮನೆಗೆ ಯಾರು ಬಂದು ಹೋಗುತ್ತಾರೆ?’ ಎಂಬ ಪ್ರಶ್ನೆಗಳಿಗೆ ಪ್ರತಿ ಸಲವೂ ಉತ್ತರಿಸಿದ್ದಾಳೆ. ಅವಳ ಬಯಕೆ ಆಸ್ತಿಯ ಮೋಹವಲ್ಲ, ಮರ್ಯಾದೆಯ ಬಾಳಿನ ಹಂಬಲ.

ಆದರೂ ಹಂಬಲಕ್ಕೆ ಲೆಕ್ಕದ ಆಸರೆ ಬೇಕು. ಕೂಡಿಯೇ ಲೆಕ್ಕ ಹಾಕಿದೆವು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇಕಡಾ 80ನ್ನು ಮೀರುವಂತಿಲ್ಲ. ಅಂದರೆ ಸಾಲ 48 ಲಕ್ಷ, ಕೈಯಿಂದ 12 ಲಕ್ಷ. ಮುದ್ರಾಂಕ ಶುಲ್ಕ ಶೇಕಡಾ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡಾ 2. ಉಪಕರಗಳೂ ಸೇರಿ ಮತ್ತೆ ನಾಲ್ಕೂವರೆ ಲಕ್ಷ. ಶೇಕಡಾ ಎಂಟೂವರೆ ಬಡ್ಡಿಯಂತೆ 20 ವರ್ಷಗಳವರೆಗೆ ತಿಂಗಳಿಗೆ ಸುಮಾರು 41,650 ರೂಪಾಯಿ ಕಂತು. ಪಡೆದ 48 ಲಕ್ಷಕ್ಕೆ ತೀರಿಸುವುದು ಹತ್ತಿರ ಹತ್ತಿರ ಒಂದು ಕೋಟಿ!

ಅವಳ ಉಳಿತಾಯವೆಲ್ಲ 18 ಲಕ್ಷ. ಮನೆ ಕೊಂಡರೆ ಉಳಿಯುವುದು ಒಂದೂವರೆ ಲಕ್ಷ, ನಾಲ್ಕು ಕಂತಿಗೂ ಸಾಲದು. ದಂಪತಿಗಳಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳವಿರಬಹುದು; ಒಂಟಿಯಾದವರಿಗೆ ಆ ಎರಡನೆಯ ಕೈ ಇಲ್ಲ. ಅದರ ಸ್ಥಾನವನ್ನು ಉಳಿತಾಯವೇ ತುಂಬಬೇಕು. ವರ್ಷದ ಕಂತಿಗಾಗುವಷ್ಟು ಹಣ ಬೇರೆಯಾಗಿ ಕೂಡಿದ ಮೇಲೆಯೇ ಸಹಿ ಹಾಕೆಂದೆವು. 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ಯೋಜನೆ ನೋಂದಾಯಿತವೇ ಎಂಬುದನ್ನೂ ನೋಡಿಕೊಳ್ಳೆಂದೆವು.

ತಮ್ಮನಿಗೆ ಹೇಳಿದ್ದು ಬೇರೆ: ‘ನಿನ್ನ ಮಗಳು ಕಾಯಲಿ. ಆದರೆ ಹಣ ಕೂಡಲೆಂದು ಕಾಯಲಿ, ವರ ಬರಲೆಂದಲ್ಲ. ಪತ್ರ ಅವಳ ಹೆಸರಿನಲ್ಲಿಯೇ ಆಗಲಿ.’ ಅವನು ಮಾತನಾಡಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವಳು ಆ ಫ್ಲ್ಯಾಟನ್ನು ಬಿಟ್ಟು, ಚಿಕ್ಕದೊಂದನ್ನು ಗುರಿಯಾಗಿಟ್ಟುಕೊಂಡು ಹಣ ಕೂಡಿಸುತ್ತಿದ್ದಾಳೆ.

ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ದುಡಿಯುವ ಮಕ್ಕಳು ಮನೆಯ ಮಾತೆತ್ತಿದಾಗ ಪಂಚಾಂಗ ತೆಗೆಯಬೇಡಿರಿ, ಲೆಕ್ಕದ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.